ಹಳೇ ಟ್ರಿಪ್ಪುಗಳು

ಆಗಸ್ಟ್ 30, 2022, ಮಂಗಳವಾರ

ಗೌರಿ ಹಬ್ಬ. ತವರಿನಿಂದ ಅಣ್ಣ ಬಾಗಿನ ತಂದಿದ್ದ. ಮೊರ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತು ಮೊದಲು ಅತ್ತೆಯ ಮುಖ ನೋಡಿದ, ಆಮೇಲೆ ನನ್ನ ಕತ್ತು ನೋಡಿದ. ಪ್ರತಿ ವರ್ಷವೂ ಇದೇ. ಮುತ್ತೈದೆಗೆ ಕೊಡುವ ಬಾಗಿನವನ್ನು ಇವಳಿಗೆ ಕೊಡಬಹುದೋ ಇಲ್ಲವೋ ಅನ್ನುವ ಅನುಮಾನ ಅವನಿಗೆ ಇನ್ನೂ ತೀರಿಲ್ಲ. "ಒಳಗ್ ಬಂದು ಕೈಗೆ ಕೊಡಣ್ಣ, ಕೊರಿಯರ್ ಹುಡುಗನ ಥರ ಬಾಗಿಲಲ್ಲಿ ಇಟ್ಟೋಗ್ಬೇಡ" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ಗಂಡ ಸತ್ತಿಲ್ಲ, ಕಾಣೆಯಾಗಿದ್ದಾರೆ. ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದೆ: ಏಳು ವರ್ಷದ ಹಿಂದೆ ಜೂನ್ ತಿಂಗಳ ಒಂದು ಸೋಮವಾರ, ಬೆಳಗಿನ ಏರ್‌ಪೋರ್ಟ್ ಟ್ರಿಪ್ಪಿಗೆ ಅಂತ ಕಾರು ತೆಗೆದುಕೊಂಡು ಹೋದರು, ಬರಲಿಲ್ಲ. ಕಾರು ಚಿಕ್ಕಬಳ್ಳಾಪುರದ ರಸ್ತೆ ಪಕ್ಕ ಸಿಕ್ಕಿತು, ಕೀ ಅದರಲ್ಲೇ ಇತ್ತು. ಕೆರೆ ಜಾಲಾಡಿಸಿದರು, ನಂದಿ ಬೆಟ್ಟದ ಬುಡ ಹುಡುಕಿದರು. ಏನೂ ಸಿಗಲಿಲ್ಲ ಅಂದಮೇಲೆ ಇದ್ದಾರೆ ಅಂತಲೇ ಅರ್ಥ.

ಅಣ್ಣ ಹೋದ ಮೇಲೆ ಅತ್ತೆ ಬಂದು ಒಲೆ ಮುಂದೆ ಕೂತರು. "ಲಕ್ಷ್ಮೀ, ಈ ಸಲ ಪಕ್ಷದಲ್ಲಿ ದೇವೇಂದ್ರಂಗೂ ಒಂದು ಎಡೆ ಇಟ್ಬುಡಾನ ಕಣಮ್ಮ" ಅಂದರು.

ಎಡೆ ಇಡುವುದು ತೀರಿಕೊಂಡ ಹಿರಿಯರಿಗೆ. ಮಾವ ಪಿಳ್ಳಣ್ಣನವರ ಪಕ್ಕದಲ್ಲಿ ನನ್ನ ಗಂಡನಿಗೆ ಎಲೆ ಹಾಕಿದರೆ ನಾನೇ ಕೈಯಾರೆ ಅವರನ್ನು ಸಾಯಿಸಿದ ಹಾಗೆ. ಸಾಧ್ಯವೇ ಇಲ್ಲ ಅಂದೆ. ಅತ್ತೆಯ ಜೊತೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. ಬೇಜಾರಾಯಿತು, ಆದರೆ ತಪ್ಪು ಅನ್ನಿಸಲಿಲ್ಲ.

ಸೆಪ್ಟೆಂಬರ್ 2, ಶುಕ್ರವಾರ

ಇವತ್ತು ಸೂಪರ್‌ವೈಸರ್ ಮೇಡಂ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಅಂಗನವಾಡಿ ಕಾರ್ಯಕರ್ತೆಯರ ಸಭೆ ನಿನ್ನೆ ಇತ್ತು, ನಾನು ಮರೆತು ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಕೂತಿದ್ದೆ. ಫೋನಿನಲ್ಲಿ ಹಾಕಿಟ್ಟಿದ್ದೆ, ಗಂಟೆ ಹೊಡೆದೂ ಇತ್ತು. ಆದರೆ ನನ್ನ ಫೋನಿನ ಗಂಟೆಗೆ ನಾನು ತಲೆ ಎತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ಕಾರಣ ಇವರು. ಇವರ ಟ್ರಿಪ್ಪುಗಳೆಲ್ಲ ನನ್ನ ಫೋನಿನ ಕ್ಯಾಲೆಂಡರಿನಲ್ಲೇ ಇವೆ. ಆಗ ಮನೆಗೆ ಬುಕಿಂಗ್ ಫೋನು ಬಂದರೆ ನಾನೇ ಬರೆದು ಹಾಕುತ್ತಿದ್ದೆ, ಅದಕ್ಕೆ ಅವರ ಅಕೌಂಟು ನನ್ನ ಫೋನಿಗೂ ಸೇರಿಸಿದ್ದರು. ಅದು ಹಾಗೇ ಇದೆ. ಚೆನ್ನೈ ಸಾರ್ ಅಂತ ಒಬ್ಬರು, ಪ್ರತಿ ಸೋಮವಾರ ಹೆಬ್ಬಾಳದಿಂದ ಏರ್‌ಪೋರ್ಟಿಗೆ. ಅದು ವಾರವಾರ ತಾನೇ ಬರುವ ಹಾಗೆ ಹಾಕಿದ್ದು, ಕೊನೆಯೇ ಇಲ್ಲ. ಪ್ರತಿ ಭಾನುವಾರ ಸಂಜೆ "ನಾಳೆ ಚೆನ್ನೈ ಸಾರ್" ಅಂತ ಫೋನು ಹೇಳುತ್ತದೆ. ಏಳು ವರ್ಷದಿಂದ ನಾನು ಅದನ್ನು ಕೇಳಿಸಿಕೊಂಡು ಸುಮ್ಮನೆ ಮುದ್ದೆ ತಿರುವುತ್ತೇನೆ.

ಹರ್ಷಿತ ಕಾಲೇಜಿಂದ ಬಂದವಳು ಎಲ್ಲ ಕೇಳಿ, "ಅಮ್ಮಾ, ಅಪ್ಪನ್ದೆಲ್ಲ ಡಿಲೀಟ್ ಮಾಡು ಅಂತಿಲ್ಲ. ಬೇರೆ ಕಡೆ ಎತ್ತಿಡು, ನಿನ್ ಕೆಲ್ಸ ನಿಂಗೆ ಕಾಣ್ಸುತ್ತೆ" ಅಂದಳು. "ಹಳೇದು" ಅಂತ ಹೆಸರು ಕೊಟ್ಟು ಇನ್ನೊಂದು ಕ್ಯಾಲೆಂಡರ್ ಮಾಡಿಕೊಟ್ಟಳು. ಒಂದೊಂದನ್ನೇ ತೆರೆದು ಅದಕ್ಕೆ ಸರಿಸಬೇಕು. ಬೇಕೆಂದಾಗ ನೋಡಬಹುದು, ಇಲ್ಲದಿದ್ದರೆ ಮರೆಯಲ್ಲಿರುತ್ತದೆ. ಅತ್ತೆ ಕಜ್ಜಾಯದ ಡಬ್ಬವನ್ನು ಅಟ್ಟದ ಮೇಲೆ ಎತ್ತಿಡುವ ಹಾಗೆ.

ಸರಿ ಅಂದೆ. ಅವರು ಬಂದ ಮೇಲೆ ಮತ್ತೆ ಇಳಿಸಿದರಾಯಿತು.

ಸೆಪ್ಟೆಂಬರ್ 4, ಭಾನುವಾರ

ಶುರು ಮಾಡಿದೆ. ಮಧ್ಯಾಹ್ನ ಪೂರ್ತಿ ಇದೇ ಕೆಲಸ.

2013ರಿಂದ ಇವೆ. ನಮ್ಮ ಹೊಲ ಏರ್‌ಪೋರ್ಟಿನ ಪಾಲಾದ ಮೇಲೆ ತೆಗೆದ ಕಾರು ಅದು. "ನಮ್ ಹೊಲ್ದಲ್ಲಿ ನಾವೇ ಬಾಡಿಗೆ ಹೊಡೀತಿದ್ದೀವಿ ನೋಡು" ಅನ್ನುತ್ತಾ ನಗುತ್ತಾರೆ ಇವರು. ಬರೆಯುವ ರೀತಿ ನೋಡಿದರೆ ಈಗಲೂ ನಗು ಬರುತ್ತದೆ. "ಯಲಹಂಕ ಮೇಡಂ, ಬೆಕ್ಕು ಇರುತ್ತೆ." "ಸಹಕಾರನಗರ, ಇಬ್ಬರು, ಜಗಳ ಆಡ್ತಾರೆ, ಹಾಡು ಹಾಕಬೇಕು." "ದೇವನಹಳ್ಳಿ ಡಾಕ್ಟರ್, ಮಾತಾಡಬಾರದು." ಮಧ್ಯೆ ಮಧ್ಯೆ ನಾನು ಹಾಕಿದವೂ ಇವೆ, ಬರೀ ಊರು ಮತ್ತು ಗಂಟೆ.

ಅವರಿಗೆ ಕಾಫಿಗೆ ಸಕ್ಕರೆ ಜಾಸ್ತಿ ಇರಬೇಕು. ಬದನೆಕಾಯಿ ಆಗುವುದಿಲ್ಲ. ಎಲ್ಲಿದ್ದಾರೋ, ಯಾರು ಮಾಡಿಕೊಡುತ್ತಾರೋ.

ಸೆಪ್ಟೆಂಬರ್ 7, ಬುಧವಾರ

ಅತ್ತೆ ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಮೊದಲು ಹಲ್ಲುನೋವು ಅಂದರು. ಇವತ್ತು ಬೆಳಿಗ್ಗೆ ಗಂಜಿ ತಂದುಕೊಟ್ಟರೆ ಲೋಟ ಪಕ್ಕಕ್ಕಿಟ್ಟು ಅತ್ತುಬಿಟ್ಟರು.

"ಕನಸಲ್ಲಿ ಬಂದಿದ್ದ ಕಣಮ್ಮ. ಹಿತ್ಲು ಬಾಗ್ಲಲ್ಲಿ ನಿಂತವ್ನೆ. ಅಮ್ಮಾ, ಹೊಟ್ಟೆ ಹಸೀತೈತೆ ಅಂತಾನೆ. ಒಳಕ್ ಬಾರಪ್ಪಾ ಅಂದ್ರೆ ಬರಾಕಾಗಲ್ಲ ಅಂತಾನೆ. ಎಡೆ ಇಲ್ದೆ ಏಳು ವರ್ಷ ಹಸ್ಕೊಂಡಿರೋ ಮಗನ್ನ ಬುಟ್ಟು ನಾನೆಂಗೆ ಉಣ್ಲಿ ಹೇಳು."

"ಬದುಕಿದ್ರೆ ಎಲ್ಲೋ ಉಂಡಿರ್ತಾರೆ ಅತ್ತೆ."

"ಬದ್ಕಿದ್ರೆ ಬರ್ತಿರ್ಲಿಲ್ವಾ?"

ಕೋಪ ಬಂತು. ಎದ್ದು ಅಂಗನವಾಡಿಗೆ ಬಂದುಬಿಟ್ಟೆ. ಅತ್ತೆಯ ಮೈದುಂಬಿದ ತೋಳು ಜೋತುಬಿದ್ದಿರುವುದು ಈಗೀಗ ಕಣ್ಣಿಗೆ ಬೀಳುತ್ತಿದೆ. ಸೊಣ್ಣಮ್ಮ ಅಂದರೆ ಊರಲ್ಲಿ ಎರಡು ಮುದ್ದೆ ಉಣ್ಣುವ ಹೆಂಗಸು ಅಂತ ಹೆಸರು.

ಸೆಪ್ಟೆಂಬರ್ 10, ಶನಿವಾರ

ಪಿತೃಪಕ್ಷ ಶುರುವಾಯಿತು. ಮೈದುನ ಗೋವಿಂದರಾಜು ಸೋಂಪುರದ ಫ್ಯಾಕ್ಟರಿಯಿಂದ ರಜೆಗೆ ಬಂದಿದ್ದಾನೆ. ಅಮ್ಮನನ್ನು ನೋಡಿ ಗಾಬರಿಯಾದ. "ಅತ್ಗೆ, ಏಳು ವರ್ಷ ಆದ್ರೆ ಕೋರ್ಟೇ ಒಪ್ಕೊಳ್ಳುತ್ತೆ. ನೀವ್ಯಾಕೆ ಹಿಂಗ್ ಹಟ ಹಿಡೀತೀರಾ? ಅಮ್ಮ ಉಳ್ಯಲ್ಲ ಹಿಂಗಾದ್ರೆ" ಅಂದ.

ಎಲ್ಲರೂ ಸೇರಿ ನನ್ನನ್ನು ಕೆಟ್ಟವಳು ಮಾಡುತ್ತಿದ್ದಾರೆ.

ಸೆಪ್ಟೆಂಬರ್ 11, ಭಾನುವಾರ

ಡಾಕ್ಟರು ಬಂದು ಅತ್ತೆಗೆ ಗ್ಲೂಕೋಸ್ ಹಾಕಿ ಹೋದರು. ಹೊಟ್ಟೆಗೆ ಹಾಕಿಕೊಳ್ಳದಿದ್ದರೆ ಇದರಿಂದ ಪ್ರಯೋಜನ ಇಲ್ಲ ಅಂದರು.

ಅಷ್ಟು ನಿತ್ರಾಣದಲ್ಲೂ ಸಂಜೆ ಅತ್ತೆ ಜಗಲಿಗೆ ಬಂದು ಜಗಳ ಬೇರೆ ಆಡಿದರು. ನಮ್ಮ ಬೀದಿಯ ಅಪ್ಪಯ್ಯಣ್ಣ ಹಾದುಹೋಗುತ್ತಾ, "ನಿನ್ ಮಗ ಎಲ್ಲೋ ಆರಾಮಾಗಿರ್ತಾನೆ ಬಿಡು ಸೊಣ್ಣಮ್ಮ. ಬಿಟ್ಟೋದವ್ನ ಚಿಂತೆ ನಿನಗ್ಯಾಕೆ" ಅಂದನಂತೆ. ಸಮಾಧಾನಕ್ಕೇ ಅಂದಿರಬೇಕು. ಅತ್ತೆ ಕಂಬ ಹಿಡಿದು ನಿಂತು, "ನನ್ ಮಗ ಬುಟ್ಟೋಗೋನಲ್ಲ ಕಣೋ! ನನ್ನ ಬುಟ್ಟು ಒಂದೊತ್ತು ಉಂಡೋನಲ್ಲ ಅವ್ನು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ನಾನೂ ಹೋಗಿ ಎರಡು ಮಾತು ಸೇರಿಸಿ ಬಂದೆ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ.

ಆಮೇಲೆ ಫೋನು ಹಿಡಿದು ಕೂತೆ. 2015ರ ಮೇ ಮುಗಿಯಿತು, ಜೂನ್ ಮೊದಲ ವಾರವೂ ಮುಗಿಯಿತು. "ಹರ್ಷಿತ ಯೂನಿಫಾರಂ ಹೊಲಿಯಲು ಕೊಟ್ಟಿದ್ದು ತರಬೇಕು." ತಂದಿದ್ದರು, ನೆನಪಿದೆ. ಆ ಸೋಮವಾರದ ನಂತರ ಚೆನ್ನೈ ಸಾರ್ ಬಿಟ್ಟರೆ ಇನ್ಯಾವ ಟ್ರಿಪ್ಪೂ ಇಲ್ಲ. ಬೇರೆ ತಿಂಗಳುಗಳಲ್ಲಿ ಎರಡು ವಾರ ಮುಂಚೆಯೇ ತುಂಬಿರುತ್ತಿತ್ತು. ಮಳೆಗಾಲ, ಜನ ಓಡಾಡುವುದು ಕಮ್ಮಿ ಇರಬೇಕು.

ಸೆಪ್ಟೆಂಬರ್ 13, ಮಂಗಳವಾರ

ಚೆನ್ನೈ ಸಾರ್ ಒಬ್ಬರೇ ಉಳಿದಿದ್ದು. ಅದು "ಹಳೇದು"ಗೆ ಸರಿಯಲಿಲ್ಲ. ಎಷ್ಟು ಸಲ ಒತ್ತಿದರೂ ಇದ್ದಲ್ಲೇ ಇತ್ತು. ಹರ್ಷಿತ ಮನೆಯಲ್ಲಿರಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ ಅವರ ಹೆಸರು, ಗಂಟೆ ಬರೆದಿಟ್ಟುಕೊಂಡು ಇದೊಂದನ್ನು ತೆಗೆದೇಬಿಡೋಣ ಅಂತ ತೆಗೆದೆ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು, ಹೌದು ಅಂತ ಒತ್ತಿದೆ. ಮತ್ತೆ ಏನೋ ಕೇಳಿತು, ಅದಕ್ಕೂ ಹೌದು. ಇಲಾಖೆಯ ಆಪಿನಲ್ಲಿ ಮಕ್ಕಳ ತೂಕ ಹಾಕಿ ಹಾಕಿ ಬಂದ ಅಭ್ಯಾಸ. ಅಲ್ಲಿ ಏನು ಕೇಳಿದರೂ ಹೌದು ಅನ್ನಬೇಕು, ಇಲ್ಲ ಅಂದರೆ ಮೊದಲಿಂದ ಶುರು ಮಾಡಿಸುತ್ತದೆ.

ಕ್ಯಾಲೆಂಡರ್ ಈಗ ಖಾಲಿ. ಗುರುವಾರ ತಾಯಂದಿರ ಸಭೆ, ಶುಕ್ರವಾರ ತೂಕ, ಅಷ್ಟೇ. ಅಂಗನವಾಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಮಕ್ಕಳು ಮಲಗಿದ್ದವು.

ಸೆಪ್ಟೆಂಬರ್ 14, ಬುಧವಾರ

ಇವರ ಅಕೌಂಟಿಗೆ ಒಂದು ಮೇಲ್ ಬಂದಿದೆ! ನಾನು ನಿನ್ನೆ ಹೌದು ಹೌದು ಅಂತ ಒತ್ತಿದ್ದರಲ್ಲಿ, ಸೋಮವಾರದ ಟ್ರಿಪ್ಪು ರದ್ದು ಅಂತ ಆ ಚೆನ್ನೈ ಸಾರ್‌ಗೇ ಸುದ್ದಿ ಹೋಗಿದೆ; ಆ ಟ್ರಿಪ್ಪಿಗೆ ಇವರು ಅವರ ಮೇಲನ್ನೂ ಸೇರಿಸಿಟ್ಟಿದ್ದರು ಅಂತ ಕಾಣುತ್ತದೆ. ಅವರ ಹೆಸರು ವರದರಾಜನ್. "ದೇವೇಂದ್ರ! ಎಷ್ಟು ವರ್ಷ ಆಯಿತು! ಈಗ ನೆನಪಾಯಿತಾ ರದ್ದು ಮಾಡಲು?" ಅಂತ ಇಂಗ್ಲಿಷಿನಲ್ಲಿ ತಮಾಷೆಯಾಗಿ ಬರೆದಿದ್ದಾರೆ.

ಅವತ್ತು ಇವರನ್ನು ಕೊನೆಯದಾಗಿ ನೋಡಿದವರು ಈ ಸಾರ್. ಆಗ ಅವರ ನಂಬರು ಸ್ವಿಚ್ ಆಫ್ ಅಂತಲೇ ಬರುತ್ತಿತ್ತು, ಪೊಲೀಸರಿಗೂ ಸಿಗಲಿಲ್ಲ. ನನ್ನ ನಂಬರು ಬರೆದು, ದಯವಿಟ್ಟು ಫೋನ್ ಮಾಡಿ, ನಾನು ಅವರ ಹೆಂಡತಿ ಅಂತ ಕಳಿಸಿದ್ದೇನೆ. ಯಾರಿಗೂ ಹೇಳಿಲ್ಲ. ಅತ್ತೆಗೆ ಸಿಹಿಸುದ್ದಿಯನ್ನೇ ತೆಗೆದುಕೊಂಡು ಹೋಗಿ ಹೇಳಬೇಕು.

ಸೆಪ್ಟೆಂಬರ್ 15, ಗುರುವಾರ

ಮಧ್ಯಾಹ್ನ ಫೋನು ಬಂತು. ಅವರು ಆಡಿದ್ದನ್ನು ಹಾಗೆಯೇ ಬರೆದಿಡುತ್ತೇನೆ, ನಾಳೆ ನಾನೇ ಬೇರೆ ಏನಾದರೂ ಕಲ್ಪಿಸಿಕೊಂಡುಬಿಟ್ಟೇನು.

"ನಮಸ್ಕಾರಮ್ಮ. ದೇವೇಂದ್ರ ಅವ್ರ ಮನೆಯವ್ರಾ? ಚೆನ್ನಾಗಿದ್ದೀರಾ? ಕೊಯಮತ್ತೂರು ಹೇಗಿದೆ?"

"ಯಾವ ಕೊಯಮತ್ತೂರು ಸಾರ್?"

"ಅಲ್ಲಿಗೇ ಅಲ್ವಾ ಹೋಗಿದ್ದು? ಲಾಸ್ಟ್ ಡೇ ನನ್ನ ಡ್ರಾಪ್ ಮಾಡುವಾಗ ಹೇಳಿದ್ರಲ್ಲ. ಮುಂದಿನ ವಾರದಿಂದ ಬರಲ್ಲ ಸಾರ್, ಊರು ಬಿಡ್ತಾ ಇದ್ದೀನಿ ಅಂತ. ಅಲ್ಲಿ ತಮಿಳು ಇಲ್ದೆ ನಡೆಯುತ್ತಾ ಅಂತ ಕೇಳಿದ್ರು. ನಾಲ್ಕು ಮಾತು ನಾನೇ ಹೇಳ್ಕೊಟ್ಟೆ. ಆ ತಿಂಗಳೇ ನಾನೂ ಚೆನ್ನೈಗೆ ವಾಪಸ್ ಬಂದ್ಬಿಟ್ಟೆ, ನಂಬರೂ ಚೇಂಜ್ ಆಯ್ತು."

ಅವರು ಹೇಗಿದ್ದರು ಸಾರ್, ಏನಾದರೂ ತೊಂದರೆಯಲ್ಲಿದ್ದ ಹಾಗೆ ಕಂಡರಾ, ಯಾರಾದರೂ ಹಿಂದೆ ಬಿದ್ದಿದ್ದರಾ ಅಂತೆಲ್ಲ ಕೇಳಿದೆ.

"ಅಯ್ಯೋ, ಇಲ್ಲಮ್ಮ. ಖುಷಿಯಾಗಿದ್ರು. ನಗ್ತಾ ಇದ್ರು. ಫ್ಯಾಮಿಲಿ ಯಾವಾಗ ಕರ್ಕೊಂಡು ಹೋಗ್ತೀರಾ ಅಂತ ಕೇಳ್ದೆ. ಇಲ್ಲ ಸಾರ್, ನಾನೊಬ್ಬನೇ, ಒಂದು ರೂಮು ಸಾಕು ಅಂದ್ರು." ಆಮೇಲೆ ಮೆಲ್ಲಗೆ, "ನಿಮಗೆ ಗೊತ್ತಿರ್ಲಿಲ್ವಾ ಅಮ್ಮಾ?" ಅಂದರು.

"ಗೊತ್ತಿತ್ತು ಸಾರ್" ಅಂದೆ. ಯಾಕೆ ಹಾಗಂದೆನೋ. ಮಾನ ಹೋಗುತ್ತದೆ ಅನ್ನಿಸಿತು.

ಫೋನಿಟ್ಟ ಮೇಲೆ ಮಕ್ಕಳನ್ನು ಎಬ್ಬಿಸಿ ಮೊಟ್ಟೆ ಕೊಟ್ಟೆ. ತಾಯಂದಿರ ಸಭೆ ಮಾಡಿದೆ. ಮನೆಗೆ ಬಂದು ದೀಪ ಹಚ್ಚಿದೆ. ಏಳು ವರ್ಷ ನಾನು ಅವನನ್ನು ಕೆರೆಯಲ್ಲಿ, ಬಾವಿಯಲ್ಲಿ, ಕಳ್ಳರ ಕೈಯಲ್ಲಿ ಕಲ್ಪಿಸಿಕೊಂಡು ಎದ್ದೆದ್ದು ಕೂತಿದ್ದೇನೆ. ಅವನು ನಗುತ್ತಾ ಹೋದನಂತೆ. ಬೇರೆ ಹೆಂಗಸಿಗಾಗಿ ಹೋಗಿದ್ದರೆ ಅವಳನ್ನಾದರೂ ಬೈಯಬಹುದಿತ್ತು. ಒಬ್ಬನೇ. ಒಂದು ರೂಮು. ಕ್ಯಾಲೆಂಡರಿನಲ್ಲಿ ಆ ಸೋಮವಾರದ ಆಚೆ ಟ್ರಿಪ್ಪು ಇಲ್ಲದ್ದು ಮಳೆಗಾಲಕ್ಕಲ್ಲ. ಅವನು ಒಪ್ಪಿಕೊಂಡೇ ಇರಲಿಲ್ಲ. ನನ್ನ ಪಕ್ಕದಲ್ಲಿ ಮಲಗಿಕೊಂಡು, ಮಗಳ ಯೂನಿಫಾರಂ ತಂದುಕೊಟ್ಟುಕೊಂಡು, ಹೋಗುವ ದಿನ ಗೊತ್ತು ಮಾಡಿಕೊಂಡಿದ್ದ.

ಸೆಪ್ಟೆಂಬರ್ 16, ಶುಕ್ರವಾರ

ತೂಕದ ದಿನ. ಎಲ್ಲ ಮಕ್ಕಳ ತೂಕ ಹಾಕಿದೆ.

ಸೆಪ್ಟೆಂಬರ್ 18, ಭಾನುವಾರ

ಅತ್ತೆಗೆ ಹೇಳಿಬಿಡೋಣ ಅಂತ ನಿರ್ಧಾರ ಮಾಡಿಕೊಂಡೇ ಪಕ್ಕದಲ್ಲಿ ಕೂತೆ. ನಿಮ್ಮ ಮಗ ಸತ್ತಿಲ್ಲ, ಹಸಿದೂ ಇಲ್ಲ, ಹೊಟ್ಟೆ ತುಂಬ ಉಂಡುಕೊಂಡು ಇದ್ದಾನೆ, ನೀವು ಉಣ್ಣಿ, ಅಂತ. ಕೆಟ್ಟ ಕೋಪವಿತ್ತು ನನಗೆ. ಹೇಳಿ ಹಗುರಾಗಬೇಕಿತ್ತು.

ಅತ್ತೆ ಕಣ್ಣುಮುಚ್ಚಿ ಮಲಗಿದ್ದರು. ನನ್ನ ಕೈ ಎಳೆದು ಎದೆಯ ಮೇಲಿಟ್ಟುಕೊಂಡರು. ಕೈಗೆ ಬರೀ ಮೂಳೆ ಸಿಕ್ಕಿತು.

"ಅಪ್ಪಯ್ಯಣ್ಣ ಹಂಗಂದ್ನಲ್ಲ, ಅದೇ ಕೊರೀತೈತೆ ಕಣಮ್ಮ. ಸತ್ತಿದ್ರೆ ದೇವ್ರು ಕರ್ಕೊಂಡ ಅಂತ ಹೆಂಗೋ ತಡ್ಕೊತೀನಿ. ಬುಟ್ಟೋದ ಅಂದ್ರೆ ನಾನ್ ಹೆತ್ತಿದ್ದು, ಸಾಕಿದ್ದು ಎಲ್ಲಾ ಸುಳ್ಳಾಯ್ತದಲ್ಲ. ಸುಳ್ಳಲ್ವಾ ಲಕ್ಷ್ಮೀ ಅವ್ನಂದಿದ್ದು?"

ಹೇಳಿದರೆ ಈ ಜೀವ ಇವತ್ತೇ ಹೋಗುತ್ತದೆ.

"ಸುಳ್ಳು ಅತ್ತೆ" ಅಂದೆ. "ಅಮಾವಾಸ್ಯೆಗೆ ಎಡೆ ಇಡೋಣ."

ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಜ್ಜಿಗೆ ಕೇಳಿ ಕುಡಿದರು.

ಸೆಪ್ಟೆಂಬರ್ 21, ಬುಧವಾರ

ಗೋವಿಂದರಾಜು ಜೊತೆ ದೇವನಹಳ್ಳಿ ಹತ್ತಿರದ ವಿಜಯಪುರಕ್ಕೆ ಹೋಗಿ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಡ್ರೈವಿಂಗ್ ಲೈಸೆನ್ಸಿನದೇ ಫೋಟೋ. ಬೇರೆ ಚೆನ್ನಾಗಿರುವವು ಇದ್ದವು, ಅವುಗಳಲ್ಲೆಲ್ಲ ನಾನೋ ಹರ್ಷಿತಳೋ ಇದ್ದೇವೆ.

ಸ್ಟುಡಿಯೋದವನು ಪೆನ್ನು ಹಿಡಿದು, "ಕೆಳಗಡೆ ಮರಣ ಅಂತ ಡೇಟ್ ಹಾಕ್ತೀವಿ ಮೇಡಂ. ಹಾಕ್ಲಾ, ಬ್ಯಾಡ್ವಾ?" ಅಂದ.

ಗೋವಿಂದರಾಜು ತಲೆ ತಗ್ಗಿಸಿದ. "ಅದು ಸರ್ಯಾಗ್ ಗೊತ್ತಿಲ್ಲ ಗುರು" ಅಂದ.

"ಗೊತ್ತು. ಎಂಟನೇ ತಾರೀಖು, ಜೂನ್, ಎರಡು ಸಾವಿರದ ಹದಿನೈದು" ಅಂದೆ. "ಸೋಮವಾರ."

ಗೋವಿಂದರಾಜು ದಾರಿಯುದ್ದಕ್ಕೂ ನನ್ನ ಮುಖ ನೋಡುತ್ತಲೇ ಇದ್ದ. ಪಾಪ, ಇವನೇ ಅಲ್ಲವೇ ಹಟ ಬಿಡಿ ಅಂದವನು.

ಸೆಕೆ ಬಹಳ. ಕತ್ತಿನ ಸರ ಬೆವರಿಗೆ ಕಡಿಯುತ್ತಿತ್ತು ಅಂತ ಬೆಳಿಗ್ಗೆ ತೆಗೆದು ಬೀರುವಿನಲ್ಲಿ ಇಟ್ಟಿದ್ದೆ. ಹಾಕಿಕೊಳ್ಳಲು ಮರೆತೇಹೋಗಿದೆ, ಈಗ ಬರೆಯುವಾಗ ನೆನಪಾಯಿತು. ಇನ್ನೂ ಒಗೆಯುವ ಬಟ್ಟೆ ರಾಶಿ ಇದೆ.

ಸೆಪ್ಟೆಂಬರ್ 25, ಭಾನುವಾರ

ಮಹಾಲಯ ಅಮಾವಾಸ್ಯೆ.

ಅಡುಗೆ ಪೂರ್ತಿ ನಾನೇ ಮಾಡಿದೆ, ಯಾರನ್ನೂ ಒಲೆ ಹತ್ತಿರ ಬಿಡಲಿಲ್ಲ. ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ, ವಡೆ. ಬದನೆಕಾಯಿ ಪಲ್ಯವನ್ನೂ ಮಾಡಿದೆ, ಯಾಕೋ ಮಾಡಬೇಕು ಅನ್ನಿಸಿತು. ಮಾವನ ಫೋಟೋ ಪಕ್ಕದಲ್ಲಿ ಅವನ ಫೋಟೋ ಇಟ್ಟು ಹೂ ಹಾಕಿ, ಮುಂದೆ ಹೊಸ ಪಂಚೆ, ಶರಟು ಇಟ್ಟೆವು. ಎಲೆಗೆ ನಾನೇ ಬಡಿಸಿದೆ. ಗೋವಿಂದರಾಜು ಕರ್ಪೂರ ಹಚ್ಚಿದ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಬಂದು ನಿಂತೆವು.

ಅತ್ತೆಯನ್ನು ಹರ್ಷಿತ ಹಿಡಿದುಕೊಂಡಿದ್ದಳು. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅದರ ಸದ್ದು ಮುಗಿಯುವವರೆಗೆ ಕಾದು ಅತ್ತೆ ಬಾಗಿಲಿಗೆ ಬಾಯಿ ಹತ್ತಿರ ಮಾಡಿ, "ನಿಧಾನಕ್ಕೆ ಉಣ್ಣಪ್ಪಾ. ಎಷ್ಟು ಬೇಕೋ ಅಷ್ಟು ಉಣ್ಣು. ಅವಸ್ರ ಇಲ್ಲ" ಅಂದರು. ಹರ್ಷಿತ ಜೋರಾಗಿ ಅತ್ತಳು. ಗೋವಿಂದರಾಜು ಗೋಡೆಗೆ ಮುಖ ಮಾಡಿದ. ನನಗೆ ಅಳು ಬರಲಿಲ್ಲ. ಇದು ಊಟದ ಹೊತ್ತು. ಎಲ್ಲೋ ಒಂದು ರೂಮಿನಲ್ಲಿ ಅವನೂ ತಟ್ಟೆ ಮುಂದೆ ಕೂತಿರುತ್ತಾನೆ. ಹರ್ಷಿತಳಿಗೆ ಒಂದಲ್ಲ ಒಂದು ದಿನ ಹೇಳಬೇಕು, ಇವತ್ತಲ್ಲ.

ಬಾಗಿಲು ತಟ್ಟಿ ತೆರೆದೆವು. ಅತ್ತೆ ಎಲೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. "ನೋಡು ಲಕ್ಷ್ಮೀ, ಸಾರು ಕಮ್ಮಿಯಾಗೈತೆ. ಉಂಡವ್ನೆ ನನ್ ಮಗ."

"ಹೌದು ಅತ್ತೆ, ಉಂಡಿದ್ದಾನೆ."

ಆಮೇಲೆ ಎಲ್ಲರನ್ನೂ ಊಟಕ್ಕೆ ಕೂರಿಸಿದೆ. ಅತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಎರಡು ತುತ್ತು ಆದ ಮೇಲೆ ನಿಲ್ಲಿಸಿ ಎಡಗೈ ನನ್ನ ಮುಂದೆ ಚಾಚಿದರು.

"ನಾನಿನ್ನು ಎಷ್ಟು ದಿನವೋ ಏನೋ. ನಾನೋದ್ ಮೇಲೂ ವರ್ಷಾ ವರ್ಷಾ ಇಡ್ಬೇಕು ಕಣಮ್ಮ ಅವ್ನಿಗೆ. ಒಂದು ವರ್ಷಾನೂ ತಪ್ಪಿಸ್ಬೇಡ. ಮಾತ್ ಕೊಡು."

ಅವರ ಅಂಗೈ ಮೇಲೆ ಕೈ ಇಟ್ಟೆ. "ಆಯ್ತು ಅತ್ತೆ. ನಾನಿರೋ ತನಕ ಇಡ್ತೀನಿ" ಅಂದೆ.

ಅತ್ತೆ ಕಣ್ಣು ಒರೆಸಿಕೊಂಡು ಮತ್ತೆ ಉಣ್ಣಲು ಶುರು ಮಾಡಿದರು. ಮುದ್ದೆ ಮುಗಿದ ಮೇಲೆ ನನ್ನ ಕಡೆ ನೋಡಿ ಇನ್ನೊಂದು ಕೇಳಿದರು. ಹಾಕಿದೆ.